ಹೊಂಟವರ ಎದುರಿಗೆ

ತಾಳಿ, ಕಾಲುಂಗುರ, ಬಳೆ ಈ ಮೂರೂ ಇಲ್ಲದವರು ಮುಂದೆ ಬರಬೇಕೆಂದು ಹವಾಲ್ದಾರ ಕೂಗಿದಾಗ, ಹೆಂಗಸರ ಅಷ್ಟು ದೊಡ್ಡ ಗುಂಪಿನಿಂದ ನಾವು ಮೂವರು ಹೊರಬಿದ್ದೆವು. ಗಂಡ ಸತ್ತ ಮೇಲೆ ನಮ್ಮನ್ನು ಮುಂದೆ ಬಾ ಎಂದು ಕರೆದವರು ಅಲ್ಲಿಯತನಕ ಯಾರೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಹೋಳಿಹುಣ್ಣಿಮೆ ಆಗಿಹೋಗಿತ್ತು. ಅಕ್ಕಿಆಲೂರಿನ ಗಿರಣಿಗಳಲ್ಲಿ ಭತ್ತದ ಕೆಲಸ ತೀರಿ ನಾನು ಖಾಲಿ ಕುಳಿತಿದ್ದೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಬಂದು, ಸವಣೂರಿಗೂ ಹುಲಗೂರಿಗೂ ನಡುವಿನ ಗರಸು ಮಣ್ಣಿನ, ಸಣ್ಣ ಕಲ್ಲಿನ ಬಯಲಿನಲ್ಲಿ ಮಿಲಿಟರಿಯವರು ಡೇರೆ ಹೊಡೆದಿದ್ದಾರೆ, ಕಲ್ಲು ಆರಿಸುವ ಕೆಲಸವಿದೆ, ಟ್ರಕ್ಕು ಹತ್ತಿರಿ ಎಂದ. ಹತ್ತಿದೆ.

ಅಲ್ಲಿ ನಡೆದದ್ದು ಯುದ್ಧವಲ್ಲ, ಯುದ್ಧದ ತಾಲೀಮು. ಹೆಲಿಕಾಪ್ಟರುಗಳು ಮೂಡಲ ಕಡೆಯಿಂದ ಬಂದು ನಮ್ಮ ಬಯಲಿನಲ್ಲಿ ಇಳಿಯುತ್ತಿದ್ದವು, ಎಣ್ಣೆ ಕುಡಿದು ಪಡುವಣದ ಘಟ್ಟದ ಕಡೆಗೆ ಹೋಗುತ್ತಿದ್ದವು. ಇಳಿದರೂ ಇಂಜಿನ್ ನಿಲ್ಲಿಸುತ್ತಿರಲಿಲ್ಲ. ತಲೆಯ ಮೇಲಿನ ಪಂಖ ತಿರುಗುತ್ತಿರುವಾಗಲೇ ಹೊಟ್ಟೆಗೆ ಪೈಪು ಹಚ್ಚಿ ತುಂಬಬೇಕು. ಖರೇ ಯುದ್ಧದಲ್ಲಿ ನಿಲ್ಲಿಸಿ, ತುಂಬಿ, ಮತ್ತೆ ಚಾಲೂ ಮಾಡುವಷ್ಟು ಪುರುಸೊತ್ತು ಇರುವುದಿಲ್ಲವಂತೆ. ಈ ಕೆಲಸಕ್ಕೆ ಸಿಪಾಯಿಗಳಿದ್ದರು. ನಾವು ಕಲ್ಲು ಆರಿಸುವುದು, ಒಣಹುಲ್ಲು ಸುಡುವುದು, ಕೆರೆಯಿಂದ ನೀರು ತಂದು ಚಿಮುಕಿಸುವುದು ಮಾಡುತ್ತಿದ್ದೆವು. ಒಂದು ವಾರವೂ ಆಗಿರಲಿಲ್ಲ, ಅದೇ ಕೆರೆಯ ನೀರು ಕುಡಿದು ಸಿಪಾಯಿಗಳಿಗೆಲ್ಲ ವಾಂತಿಭೇದಿ ಹತ್ತಿತು. ಹವಾಲ್ದಾರ, ವೈರ್‌ಲೆಸ್ಸಿನವ, ಅಡುಗೆಯವ ಇಷ್ಟೇ ಜನ ಕಾಲ ಮೇಲೆ ಉಳಿದರು. ಹೆಲಿಕಾಪ್ಟರುಗಳು ಮಾತ್ರ ಬರುತ್ತಲೇ ಇದ್ದವು.

ಆಗಲೇ ಹವಾಲ್ದಾರ ಹೆಂಗಸರನ್ನು ನಿಲ್ಲಿಸಿ ಮೈಮೇಲಿನ ಲೋಹ ತೆಗೆಯಲು ಹೇಳಿದ್ದು. ಎಣ್ಣೆಯ ಹತ್ತಿರ ಲೋಹಕ್ಕೆ ಲೋಹ ತಾಗಿದರೆ ಕಿಡಿ. ಬಳೆ ಗಾಜಿನದಾದರೂ ಒಡೆದ ಚೂರು ಟಾಕಿಗೆ ಬಿದ್ದರೆ ಇಂಜಿನ್ನಿನ ಗಂಟಲು ಕಟ್ಟುತ್ತದೆ. ಇದನ್ನು ಅವನು ಬಿಡಿಸಿ ಹೇಳುವ ಮೊದಲೇ ಮುತ್ತೈದೆಯರು ಮೈಮೇಲೆ ಬಿದ್ದರು.

"ತಾಳಿ ತಗೀ ಅಂತಿಯಲ್ಲ, ನಿಮ್ಮವ್ವನ ತಾಳಿ ತಗಸು ಹೋಗು!" ಎಂದು ಒಬ್ಬಳು ಬುಟ್ಟಿ ಎಸೆದಳು. ಹವಾಲ್ದಾರ ಖಾನಾಪುರದ ಕಡೆಯವ, ಕನ್ನಡ ಬರುತ್ತಿತ್ತು, ಬೈಗುಳ ಪೂರಾ ತಿಳಿಯಿತು. ಮುಖ ಕೆಂಪಾಗಿ, ಹಾಗಾದರೆ ಇವು ಇಲ್ಲದವರೇ ಬರಲಿ ಎಂದ. ಬಂದವರು ನಾವು.

ಮುಕಾದಮ ಹಲ್ಲು ಕಿರಿದ. "ಸಾಹೇಬ್ರ, ಆರಿಸಿ ಆರಿಸಿ ಮೂರು ರಂಡೇರನ್ನ ತಗೊಂಡ್ರಿ. ಇವರ ಮುಖಾ ನೋಡಿ ಮ್ಯಾಲ ಹೋದ ವಿಮಾನ ತಿರುಗಿ ಬಂದ್ರ ನನ್ನ ಹೆಸರು ಬದಲಿ ಮಾಡ್ರಿ."

"ಈಗ ಬದಲಿ ಮಾಡ್ಕೊಳ್ಳೋ," ಎಂದಳು ನಮ್ಮಲ್ಲಿ ಬಾಯಿ ಜೋರಿದ್ದವಳು. "ಇದ್ದ ಹೆಸರು ಏನ್ ಛಲೋ ಐತೇನು?"

ಅವಳು ಹುಲಗೂರಿನವಳು, ದರ್ಗಾದ ಮುಂದೆ ಸಕ್ಕರೆ, ಊದುಬತ್ತಿ ಮಾರಿದವಳು. ಗಂಡ ಜಟಕಾ ಹೊಡೆಯುತ್ತ ಸತ್ತಿದ್ದ. ಅವಳನ್ನು ಎಲ್ಲರೂ ಹುಲಗೂರಾಕಿ ಎನ್ನುತ್ತಿದ್ದೆವು. ಮೂರನೆಯವಳು ಹಿರೇಕೆರೂರು ತಾಲೂಕಿನ ಅಬಲೂರಿಗೆ ಕೊಟ್ಟ ಹೆಣ್ಣು. ಗಂಡ ಸತ್ತ ಮೇಲೆ ಸವಣೂರಿನ ಅಣ್ಣನ ಮನೆಯ ಹಿತ್ತಲಿಗೆ ಬಂದು ಬಿದ್ದಿದ್ದಳು. ಅಬಲೂರಾಕಿ. ನಮ್ಮಿಬ್ಬರಿಗಿಂತ ಹಿರಿಯಳು, ಮಾತು ಕಡಿಮೆ. ಜನ ಇರುವಲ್ಲಿ ಗೋಡೆ ಹುಡುಕುವಳು. ಆ ಬಯಲಿನಲ್ಲಿ ಗೋಡೆಯೇ ಇರಲಿಲ್ಲ. ಪೀಪಾಯಿಗಳ ಹಿಂದೆ ನಿಲ್ಲುತ್ತಿದ್ದಳು.

ಪಾಠ ಹೇಳುವಾಗ ಹವಾಲ್ದಾರ ಒಂದು ಸುದ್ದಿ ಹೇಳಿದ. ದೊಡ್ಡ ದೇಶಗಳಲ್ಲಿ ಈ ಕೆಲಸ ಆಕಾಶದಲ್ಲೇ ನಡೆಯುತ್ತದಂತೆ. ಎಣ್ಣೆ ತುಂಬಿದ ದೊಡ್ಡ ವಿಮಾನ ಮುಂದೆ ಹಾರುತ್ತದೆ, ಯುದ್ಧದ ವಿಮಾನ ಅದರ ಬಾಲದ ಕೆಳಗೆ ಬಂದು ಸೇರುತ್ತದೆ. ದೊಡ್ಡದರ ಹಿಂಭಾಗದಲ್ಲಿ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ಮಲಗಿ, ಕಿಟಕಿಯಿಂದ ಕೆಳಗೆ ನೋಡುತ್ತ, ಉದ್ದನೆಯ ಕೊಳವೆಯನ್ನು ಆಡಿಸಿ ಆಡಿಸಿ ಕೆಳಗಿನ ವಿಮಾನದ ತೂತಿಗೆ ಇಡುತ್ತಾನೆ.

"ಮಲಕ್ಕೊಂಡು ಪಗಾರ ತಗೋತಾನ?" ಎಂದಳು ಹುಲಗೂರಾಕಿ. "ನಮ್ಮ ಮುಕಾದಮನ ಅಣ್ಣ ಇರಬೇಕು ನೋಡ್ರಿ."

"ನಗಬ್ಯಾಡ್ರಿ. ಒಂದು ಗೇಣು ಆಕಡೆ ಈಕಡೆ ಆದ್ರ ಎರಡೂ ಉರದು ಹೋಗ್ತಾವು. ಮ್ಯಾಲಿನವ ಕೆಳಗಿನವನ ಹೆಸರು ಕೇಳಿರಂಗಿಲ್ಲ, ಕೆಳಗಿನವ ಮ್ಯಾಲಿನವನ ಮುಖಾ ನೋಡಿರಂಗಿಲ್ಲ. ಹೊಟ್ಟಿ ತುಂಬಸ್ತಾನ, ಬಿಡ್ತಾನ. ನಮ್ಮಲ್ಲಿ ಆ ವಿಮಾನ ಇನ್ನೂ ಇಲ್ಲ. ಇಲ್ಲಿ ಆ ಕೊಳವಿ ಅಂದ್ರ ನೀವ."

ಕೆಲಸ ಹೀಗಿತ್ತು. ಪೀಪಾಯಿಗಳನ್ನು ಹಿಂದಿನ ದಿನವೇ ಸ್ವಲ್ಪ ಓರೆ ಮಾಡಿ ನಿಲ್ಲಿಸಬೇಕು, ಒಳಗೆ ನೀರಿದ್ದರೆ ಒಂದು ಮೂಲೆಗೆ ಇಳಿಯುತ್ತದೆ. ಬೆಳಿಗ್ಗೆ ಕೋಲಿನ ತುದಿಗೆ ಒಂದು ಮುಲಾಮು ಸವರಿ ತಳಕ್ಕೆ ಬಿಡುವುದು. ಮುಲಾಮಿನ ಬಣ್ಣ ಬದಲಾದರೆ ನೀರಿದೆ ಎಂದು ಅರ್ಥ, ಆ ಪೀಪಾಯಿ ಬಿಡಬೇಕು. ಎಣ್ಣೆ ನಮ್ಮ ಚಿಮಣಿ ಎಣ್ಣೆಯಂತೆಯೇ, ನಾತ ಮಾತ್ರ ತುಸು ಬೇರೆ. ಪೀಪಾಯಿಯ ಬಾಯಿಗೆ ಕೈಪಂಪು ಇಡುವುದು, ನಡುವೆ ಮೆದು ಚರ್ಮದ ಸೋಸುಕ. ಹುಲಗೂರಾಕಿ ಪಂಪಿನ ಹಿಡಿಕೆ ತಿರುಗಿಸುವಳು. ಅಬಲೂರಾಕಿಗೆ ತಂತಿ. ನೆಲದಲ್ಲಿ ಕಬ್ಬಿಣದ ಗೂಟ ಹೊಡೆದು, ಸುತ್ತ ಉಪ್ಪುನೀರು ಹೊಯ್ದು, ಅದಕ್ಕೆ ಕಟ್ಟಿದ ತಂತಿಯ ಇನ್ನೊಂದು ತುದಿಯ ಚಿಮಟಿಗೆಯನ್ನು ಹೆಲಿಕಾಪ್ಟರಿನ ಮೈಗೆ ಕಚ್ಚಿಸಬೇಕು. ಗಾಳಿಯಲ್ಲಿ ತಿರುಗಿ ತಿರುಗಿ ಅದರ ಮೈತುಂಬ ವಿದ್ಯುತ್ತು ಕೂತಿರುತ್ತದೆ, ತಂತಿ ಹಚ್ಚದೆ ಪೈಪು ಮುಟ್ಟಿಸಿದರೆ ಬೆಂಕಿ. ಅವಳು ಹಚ್ಚಿದ ಮೇಲೆ ನಾನು ಪೈಪಿನ ನಳಿಗೆ ಹಿಡಿದು ಹೋಗಿ, ಮುಚ್ಚಳ ತಿರುಗಿಸಿ, ಒಳಗಿಟ್ಟು, ಎಣ್ಣೆ ಬಿಡುವ ಗುಬ್ಬಿ, ಅಂದರೆ ಗುಂಡಿ, ಒತ್ತಿ ಹಿಡಿಯಬೇಕು. ಮುಗಿದ ಮೇಲೆ ಮೊದಲು ನನ್ನ ಪೈಪು, ಆಮೇಲೆ ಅವಳ ತಂತಿ.

ಎಲ್ಲಕ್ಕಿಂತ ದೊಡ್ಡ ನಿಯಮ ನಡಿಗೆಯದು. ಹೋಗುವುದಿದ್ದರೆ ಮುಂದಿನಿಂದ, ಹಾರಿಸುವವನ ಕಣ್ಣೆದುರಿನಿಂದ, ಅವನು ತಲೆಯಾಡಿಸಿದ ಮೇಲೆ, ಬಗ್ಗಿಕೊಂಡು. ಬರುವುದೂ ಹಾಗೆಯೇ. ಹಿಂದೆ ಹೋಗಬಾರದು. ಹಿಂದೆ ಬಾಲದ ತುದಿಯಲ್ಲಿ ಸಣ್ಣ ಪಂಖವಿದೆ. ತಿರುಗುವಾಗ ಅದು ಕಾಣುವುದಿಲ್ಲ.

"ಕಾಣಂಗಿಲ್ಲ ಅಂದ್ರ?" ಎಂದು ನಾನು ಕೇಳಿದೆ.

"ಅಂದ್ರ ಇಲ್ಲ ಅಂತ ಅನಸತೈತಿ," ಎಂದ ಹವಾಲ್ದಾರ.

ಮೊದಲ ಹೆಲಿಕಾಪ್ಟರು ಇಳಿದದ್ದು ಮಟಮಟ ಮಧ್ಯಾಹ್ನ. ಸುಟ್ಟ ಹುಲ್ಲಿನ ಬೂದಿ, ಗರಸಿನ ಕೆಂಪು ದೂಳು ಎರಡೂ ಎದ್ದು ಸೂರ್ಯ ತಾಮ್ರದ ತಟ್ಟೆಯಂತಾಯಿತು, ಆಮೇಲೆ ಅದೂ ಹೋಯಿತು. ಸಪ್ಪಳ ಕಿವಿಯಿಂದ ಒಳಗೆ ಬರಲಿಲ್ಲ, ನೆಲದಿಂದ ಕಾಲಿಗೆ ಹತ್ತಿ ಹೊಟ್ಟೆಯಲ್ಲಿ ಕೂತಿತು. ನಾನು ಏನೋ ಕೂಗಿದೆ. ನನ್ನ ಬಾಯಿ ತೆರೆದದ್ದು ನನಗೆ ಗೊತ್ತಾಯಿತು, ದನಿ ಕೇಳಲಿಲ್ಲ. ಪಕ್ಕದಲ್ಲಿ ಹುಲಗೂರಾಕಿ ಇದ್ದಾಳೋ ಇಲ್ಲವೋ ತಿಳಿಯದು. ಆ ದೂಳಿನೊಳಗೆ ಹೋದವರೆಲ್ಲ ಒಬ್ಬೊಬ್ಬರೇ ಆಗುತ್ತಿದ್ದರು. ಮುಂದೆ ಗಾಜಿನ ಗುಳ್ಳೆ, ಅದರೊಳಗೆ ದೊಡ್ಡ ತಲೆಯ, ಕಪ್ಪು ಗಾಜಿನ ಕಣ್ಣಿನ ಒಂದು ಆಕಾರ. ಅದು ತಲೆಯಾಡಿಸಿತು. ನಾನು ಹೋದೆ. ನಳಿಗೆಯಲ್ಲಿ ಎಣ್ಣೆ ಓಡುವಾಗ ಪೈಪು ಜೀವವಿದ್ದಂತೆ ಕೈಯೊಳಗೆ ಮಿಡಿಯುತ್ತಿತ್ತು.

ಅವು ಹೋದ ಮೇಲೆ ಬಯಲು ವಿಚಿತ್ರವಾಗಿ ಸುಮ್ಮನಾಗುತ್ತಿತ್ತು. ಕಾಗೆಯಿಲ್ಲ, ಗುಬ್ಬಿಯಿಲ್ಲ. ಎಣ್ಣೆ ಚೆಲ್ಲಿದಲ್ಲಿ ಇರುವೆಯೂ ಹರಿಯುತ್ತಿರಲಿಲ್ಲ. ಮಾತಾಡಿದರೆ ದನಿ ಯಾರದೋ ಎನಿಸುತ್ತಿತ್ತು. ಬೂದಿ ಮಾತ್ರ ಬಹಳ ಹೊತ್ತು ಮೇಲಿನಿಂದ ಬೀಳುತ್ತಿತ್ತು.

ಡೇರೆಯ ಸುತ್ತ ಒಂದು ಕಂದು ನಾಯಿ ಇತ್ತು, ಅಡುಗೆಯವ ಹಾಕಿದ ರೊಟ್ಟಿ ತಿಂದು ಬೆಳೆದದ್ದು. ಒಂದು ದಿನ ಹೆಲಿಕಾಪ್ಟರು ಇಳಿದಿದ್ದಾಗ ಅದು ಬೊಗಳುತ್ತ ಬಾಲದ ಕಡೆಗೆ ಓಡಿತು. ನಾನು ನೋಡುತ್ತಿದ್ದೆ. ನಾಯಿ ಓಡುತ್ತಿತ್ತು, ಆಮೇಲೆ ನಾಯಿ ಇರಲಿಲ್ಲ. ಕೂಗಲಿಲ್ಲ, ಬೀಳಲಿಲ್ಲ. ಮುಂದೆ ಕುಳಿತವನಿಗೆ ಗೊತ್ತೂ ಆಗಲಿಲ್ಲ, ತುಂಬಿಸಿಕೊಂಡು ಹಾರಿಹೋದ. ನೆಲದ ಮೇಲೆ ಒಂದು ಕಡೆ ದೂಳು ಒದ್ದೆಯಾಗಿತ್ತು. ಅಡುಗೆಯವ ಸನಿಕೆ ತಂದು ಮಣ್ಣು ಎಳೆದ.

ಅದೇ ಸಂಜೆ ಬಂದ ಹೆಲಿಕಾಪ್ಟರಿಗೆ ತಂತಿ ಹಚ್ಚಲು ಅಬಲೂರಾಕಿ ಹಿಂದಿನಿಂದ ಹೋದಳು.

ಹವಾಲ್ದಾರ ಓಡಿಬಂದು ರಟ್ಟೆ ಹಿಡಿದು ಎಳೆದ. ಹೆಲಿಕಾಪ್ಟರು ಹೋದ ಮೇಲೆ ಅವನ ಗಂಟಲು ಹರಿಯುವಂತೆ ಬೈಗುಳ ಬಂದವು. "ನಾಯಿ ನೋಡಿದ್ಯಲ್ಲ? ನೋಡಿದ್ಯೋ ಇಲ್ಲೋ? ಮತ್ಯಾಕ ಹೋದಿ?"

ಅವಳು ತಂತಿಯನ್ನು ಸುತ್ತತೊಡಗಿದಳು. ನಾವಿಬ್ಬರೂ ಪೀಪಾಯಿಯ ನೆರಳಿಗೆ ಕರೆದು ಕೇಳಿದಾಗ ಬಾಯಿ ಬಿಟ್ಟಳು.

"ಹೊಂಟವರ ಎದುರಿಗೆ ಹ್ಯಾಂಗ ಹೋಗ್ಲೆವ್ವ?"

ನನಗೆ ತಿಳಿಯಿತು. ನಮ್ಮ ಕಡೆ ಯಾರಾದರೂ ಪ್ರಯಾಣ ಹೊರಟಾಗ, ಬೀಜದ ಚೀಲ ಹೊತ್ತು ಹೊಲಕ್ಕೆ ಹೊರಟಾಗ, ಗಂಡ ಸತ್ತವಳು ಎದುರು ಬರಬಾರದು. ಬಂದರೆ ಹೊರಟವರು ತಿರುಗಿ ಮನೆಗೆ ಹೋಗಿ ನೀರು ಕುಡಿದು ಮತ್ತೆ ಹೊರಡುತ್ತಾರೆ. ನಾನು ಅದನ್ನು ಎಂದೋ ಬಿಟ್ಟಿದ್ದೆ. ಗಿರಣಿಯಲ್ಲಿ ಚೀಲ ಹೊರುವವಳಿಗೆ ಎದುರೇನು, ಹಿಂದೇನು. ಅವಳು ಬಿಟ್ಟಿರಲಿಲ್ಲ. ಅಣ್ಣ ಗಾಡಿ ಹೂಡಿದರೆ ಹಿತ್ತಲಿಗೆ ಸರಿಯುವುದು, ದಾರಿಯಲ್ಲಿ ದಿಬ್ಬಣ ಬಂದರೆ ಬೇಲಿಯ ಆಚೆ ಬೆನ್ನು ತಿರುಗಿಸಿ ನಿಲ್ಲುವುದು, ಅವಳ ಕಾಲುಗಳೇ ಅದನ್ನು ಮಾಡುತ್ತಿದ್ದವು. ಈಗ ಎದುರಿಗಿದ್ದವರು ನೆಲ ಬಿಟ್ಟೇ ಹೊರಟವರು.

"ಅವರೂ ಯಾರರ ಮಕ್ಕಳ. ನನ್ನ ಮುಖಾ ನೋಡಿ ಮ್ಯಾಲ ಹೋಗಬೇಕೇನು? ನಾ ಎದುರಿಗೆ ಹೋದವ ಒಬ್ಬ ತಿರುಗಿ ಬಂದಿಲ್ಲ, ಗೊತ್ತೈತಿಲ್ಲ?"

ಎರಡು ದಿನದ ಹಿಂದೆ ನಾವು ತುಂಬಿಸಿ ಕಳಿಸಿದ್ದ ಒಂದು ಹೆಲಿಕಾಪ್ಟರು ಮುಟ್ಟಬೇಕಾದಲ್ಲಿ ಮುಟ್ಟಿರಲಿಲ್ಲ. ಇಂಜಿನ್ನಿನಲ್ಲಿ ಏನೋ ಕೆಟ್ಟು ಹಾನಗಲ್ಲಿನ ಆಚೆ ಗದ್ದೆಯಲ್ಲಿ ಇಳಿದಿತ್ತು. ಹಾರಿಸುವವ ಅಲ್ಲಿಂದ ಬಸ್ಸು ಹಿಡಿದು ಬಂದಿದ್ದ.

"ಅಂವಾ ಸತ್ತಿಲ್ಲಬೇ! ಅಕ್ಕಿಆಲೂರ ಬಸ್ಸಿನ್ಯಾಗ ನಿಂತು ಬಂದಾನ," ಎಂದಳು ಹುಲಗೂರಾಕಿ. "ಬಸ್ಸಿನ್ಯಾಗ ಸಾಯಲಿಲ್ಲ ಅನ್ನೋದ ದೊಡ್ಡದು."

"ಈ ಸಲ ಗದ್ದಿ ಸಿಕ್ತು. ಮುಂದಿನ ಸಲ ಘಟ್ಟ ಇರತೈತಿ," ಎಂದಳು ಅಬಲೂರಾಕಿ.

ಇನ್ನೊಮ್ಮೆ ಹಿಂದೆ ಹೋದರೆ ಕೆಲಸದಿಂದ ತೆಗೆಯುತ್ತೇನೆ ಎಂದು ಹವಾಲ್ದಾರ ಹೇಳಿದ. ಅಣ್ಣನ ಹಿತ್ತಲಿಗೆ ಹಿಂದಿರುಗಿ ಹೋಗುವ ಮನಸ್ಸು ಅವಳಿಗೆ ಇರಲಿಲ್ಲ. ಮರುದಿನದಿಂದ ಮುಂದಿನಿಂದಲೇ ಹೋಗತೊಡಗಿದಳು. ಆದರೆ ಸೆರಗನ್ನು ಗದ್ದದತನಕ ಎಳೆದು ಮುಖ ಮುಚ್ಚಿಕೊಂಡು. ಎದುರು ಹೋದರೂ ಮುಖ ಕಾಣಬಾರದು, ಅದು ಅವಳು ತೆಗೆದ ಉಪಾಯ.

"ಅದರಾಗ ನಿನಗ ಏನ್ ಕಾಣತೈತಿ?" ಎಂದು ನಾನು ಕೇಳಿದೆ.

"ನೆಲ ಕಾಣತೈತಿ. ತಂತಿ ಕಾಣತೈತಿ. ಸಾಕು."

ನೆಲದ ಮೇಲೆ ಬಿದ್ದ ತಂತಿಯನ್ನು ನೋಡುತ್ತ ಹೋಗುವಳು, ಅದನ್ನೇ ನೋಡುತ್ತ ಬರುವಳು. ಹವಾಲ್ದಾರ ದೂಳಿಗೆ ಮುಖ ಮುಚ್ಚಿಕೊಂಡಿದ್ದಾಳೆ ಎಂದುಕೊಂಡ. ನಾವೆಲ್ಲರೂ ಮೂಗಿಗೆ ಬಟ್ಟೆ ಕಟ್ಟುತ್ತಿದ್ದೆವು. ಕೆಲವು ದಿನ ಹಾಗೆಯೇ ನಡೆಯಿತು.

ಆಮೇಲೆ ಆ ಮೂರುಸಂಜೆ. ಒಂದೇ ಬಾರಿಗೆ ಮೂರು ಹೆಲಿಕಾಪ್ಟರು ಬರುತ್ತವೆ ಎಂದು ವೈರ್‌ಲೆಸ್ಸಿನವ ಹೇಳಿದ. ಹವಾಲ್ದಾರ ನಮ್ಮನ್ನು ಕೂಡಿಸಿ, ಮೊದಲು ಇಳಿಯುವುದರ ಬ್ಯಾಟರಿ ಸತ್ತಿದೆ, ಅದನ್ನು ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ, ಬೇಗ ತುಂಬಿ ಕಳಿಸಬೇಕು ಎಂದ. ತಾಲೀಮಿನ ದೊಡ್ಡ ಪಾಲು ಅಂದೇ ಇತ್ತಂತೆ. ಹಗಲೆಲ್ಲ ಗಾಳಿ ಬೀಸಿ, ಚಿಮುಕಿಸಿದ ನೀರು ಒಣಗಿಹೋಗಿತ್ತು.

ಮೊದಲನೆಯದು ಇಳಿಯಿತು. ಅಬಲೂರಾಕಿ ಹೋಗಿ ತಂತಿ ಕಚ್ಚಿಸಿ ಹೊರಗೆ ಬಂದಳು. ನಾನು ಹೋಗಿ ನಳಿಗೆ ಇಟ್ಟೆ. ಅಷ್ಟರಲ್ಲಿ ಎರಡನೆಯದು ಇಳಿಯುತ್ತ ಓರೆಯಾಗಿ ನಮ್ಮ ಕಡೆಗೆ ಸರಿಯಿತು. ಹವಾಲ್ದಾರ ಹೆಲಿಕಾಪ್ಟರಿನ ಮುಂದೆ ತಾನು ನಿಲ್ಲುತ್ತಿದ್ದ ಜಾಗ ಬಿಟ್ಟು ಅದರ ಕಡೆಗೆ ಕೈಬೀಸುತ್ತ ಓಡಿದ. ಅದರ ಗಾಳಿ ಬಂದು ನಮ್ಮ ದೂಳಿನ ಮೇಲೆ ಬಿತ್ತು. ಮೂರನೆಯದರದ್ದೂ ಬಂತು. ಬೆಳಕು ಪೂರಾ ಹೋಯಿತು.

ಆಗ ಮೇಲೆ ಅದು ಕಂಡಿತು. ತಲೆಯ ಮೇಲೆ ಬೆಂಕಿಯ ಬಳೆ. ಪಂಖದ ಅಂಚಿಗೆ ಗರಸಿನ ಕಣ ಬಡಿದು ಕಿಡಿಯಾಗುತ್ತದೆ ಎಂದು ಹವಾಲ್ದಾರ ಆಮೇಲೆ ಬಿಡಿಸಿ ಹೇಳಿದ. ಆ ಹೊತ್ತು ನನಗೆ ಅದೆಲ್ಲ ಗೊತ್ತಿರಲಿಲ್ಲ. ಕೈಯಲ್ಲಿ ಎಣ್ಣೆ ಓಡುತ್ತಿದೆ, ತಲೆಯ ಮೇಲೆ ದೊಡ್ಡದೊಂದು ಹೊಂಬಣ್ಣದ ಉಂಗುರ ಸದ್ದಿಲ್ಲದೆ ನಿಂತಿದೆ. ಸದ್ದಿಲ್ಲದೆ ಎಂದೆ, ಇಂಜಿನ್ನಿನ ಸಪ್ಪಳದಲ್ಲಿ ಬೇರೇನೂ ಇರಲಿಲ್ಲವಾದ್ದರಿಂದ. ಉಂಗುರ ತಿರುಗುತ್ತಲೂ ಇರಲಿಲ್ಲ. ಸುಮ್ಮನೆ ಇತ್ತು, ನಮ್ಮನ್ನು ನೋಡುತ್ತಿದ್ದಂತೆ.

ಬೆನ್ನ ಹಿಂದೆ ಯಾರೋ ಹಾದುಹೋದಂತಾಯಿತು. ತಿರುಗಿ ನೋಡಿದೆ. ಮಾಸಿದ ಬಿಳಿ ಸೀರೆ, ಗದ್ದದತನಕ ಸೆರಗು, ಬಗ್ಗಿದ ಮೈ. ತುಂಬುವುದು ಮುಗಿಯಿತೆಂದು ತಂತಿ ಬಿಡಿಸಲು ಬಂದಿದ್ದಳು. ಆದರೆ ತಂತಿ ಕಚ್ಚಿಸಿದಲ್ಲಿ ನಿಲ್ಲಲಿಲ್ಲ. ನನ್ನನ್ನು ದಾಟಿ ಹೋದಳು. ಬೂದಿ ಬಂದು ನೆಲದ ಮೇಲಿನ ತಂತಿಯನ್ನು ಮುಚ್ಚಿತ್ತು. ಅವಳು ಇಲ್ಲದ ತಂತಿಯನ್ನು ಹುಡುಕುತ್ತ ಬಾಲದ ಕಡೆಗೆ ನಡೆಯುತ್ತಿದ್ದಳು.

ಕೂಗಿದೆ. ನನಗೇ ಕೇಳಲಿಲ್ಲ. ಕೈ ಚಾಚಿದರೆ ಸಿಗುತ್ತಿದ್ದಳು, ಎರಡೂ ಕೈ ನಳಿಗೆಯ ಮೇಲಿದ್ದವು. ನಳಿಗೆಯನ್ನು ಹಾಗೇ ಬಿಟ್ಟರೆ ಒಳಗಿನ ಎಣ್ಣೆ ಇಂಜಿನ್ನಿನ ಬಿಸಿ ಹೊಗೆಗೂಡಿಗೆ ಚಿಮ್ಮುತ್ತದೆ. ಗುಬ್ಬಿ ಬಿಟ್ಟೆ, ಮಿಡಿತ ನಿಂತಿತು, ನಳಿಗೆ ಹೊರಗೆಳೆದು ಮೂತಿ ಮೇಲಾಗಿ ಹೆಲಿಕಾಪ್ಟರು ಹತ್ತುವ ಹಲಗೆಗೆ ಆನಿಸಿದೆ. ಅಷ್ಟರಲ್ಲಿ ಅವಳು ದೂಳಿನೊಳಗೆ ಹೋಗಿಯಾಗಿತ್ತು.

ಆ ದೂಳಿನಲ್ಲಿ ಇನ್ನೊಂದು ಉಂಗುರವಿತ್ತು. ಸಣ್ಣದು, ನೆಟ್ಟಗೆ ನಿಂತದ್ದು. ಅಷ್ಟು ದಿನ ಎಂದೂ ಕಾಣದ ಬಾಲದ ಪಂಖ ಅವತ್ತು ಮಾತ್ರ ಕಂಡಿತು. ಅದರ ಹೊಂಬೆಳಕಿನ ಮುಂದೆ ಕಪ್ಪಗೆ ಒಂದು ಬಗ್ಗಿದ ಆಕಾರ ಬಂದು, ಕೆಳಗೆ ಕುಸಿದು, ಕಾಣದಾಯಿತು.

ನನ್ನ ಮೈ ಹಿಂದಕ್ಕೇ ಹೊರಟಿತ್ತು. ಒಂದು ಕಾಲು ಇಟ್ಟೂ ಇದ್ದೆ. ಹಿಂದೆ ಹೋಗಿ ಎಳೆದು ತರುವುದು, ಅಷ್ಟೇ ತೋಚಿದ್ದು. ಆಮೇಲೆ ನಾಯಿ ನೆನಪಾಯಿತು. ನಾನು ಹೋದರೆ ಇಬ್ಬರೂ ಇಲ್ಲ, ಅದನ್ನು ಹೇಳುವವರೂ ಇಲ್ಲ. ತಿರುಗಿದೆ. ಮುಂದಕ್ಕೆ ಓಡಿ, ಗಾಜಿನ ಗುಳ್ಳೆಯ ಎದುರಿಗೆ ಹೋಗಿ ನೆಟ್ಟಗೆ ನಿಂತು, ಎರಡೂ ಕೈಯನ್ನು ಕತ್ತಿನ ಮುಂದೆ ಅಡ್ಡಡ್ಡ ಹಾಕಿದೆ. ಇಂಜಿನ್ ಕೊಲ್ಲು ಎಂಬ ಸನ್ನೆ. ಅದನ್ನು ಹವಾಲ್ದಾರ ಒಬ್ಬನೇ ಮಾಡಬೇಕು. ಕೂಲಿಯವರು ಅಪ್ಪಿತಪ್ಪಿಯೂ ಕೈ ಹಾಗೆ ಎತ್ತಬಾರದು ಎಂದು ಮೊದಲ ದಿನವೇ ಹೇಳಿದ್ದ.

ಕಪ್ಪು ಗಾಜಿನ ಆಕಾರ ನನ್ನನ್ನು ನೋಡಿತು. ತಲೆ ಅಲ್ಲಾಡಿಸಿತು, ಇಲ್ಲ ಎಂದು. ನಾನು ಕೈ ಇಳಿಸಲಿಲ್ಲ. ಇನ್ನೊಮ್ಮೆ ಹಾಕಿದೆ. ಅದರ ಕೈ ಮೇಲಕ್ಕೆ ಹೋಗಿ ಏನೋ ಎಳೆಯಿತು.

ಇಂಜಿನ್ ಸತ್ತರೂ ಪಂಖ ಸಾಯುವುದಿಲ್ಲ. ದೊಡ್ಡ ಉಂಗುರ ಮಂಕಾಯಿತು, ಕೆಂಪಾಯಿತು, ತುಂಡಾಯಿತು. ಆಮೇಲೆ ರೆಕ್ಕೆಗಳು ಒಂದೊಂದಾಗಿ ಹುಟ್ಟಿಬಂದವು. ನಿಧಾನವಾದಷ್ಟೂ ಜೋಲುಬಿದ್ದು, ನನ್ನ ತಲೆಯ ಮಟ್ಟಕ್ಕೆ ಇಳಿದು ಹಾದುಹೋದವು. ನಾನು ನೆಲಕ್ಕೆ ಕುಳಿತೆ. ಉಳಿದ ಎರಡರ ಸಪ್ಪಳ ದೂರದಲ್ಲಿತ್ತು. ಪಂಖ ನಿಂತ ಮೇಲೆ ಎದ್ದು ಹಿಂದೆ ಹೋದೆ. ಒದ್ದೆಯಾದ ನೆಲವನ್ನು ನೋಡಲು ಮನಸ್ಸು ಗಟ್ಟಿಮಾಡಿಕೊಂಡೇ ಹೋದೆ.

ಅಬಲೂರಾಕಿ ಬಾಲದ ಕೆಳಗೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಸೆರಗು ಮುಖದ ಮೇಲೆ ಹಾಗೆಯೇ ಇತ್ತು. ಎರಡೂ ಕೈಯಿಂದ ಬೂದಿ ಕೆದರುತ್ತ ತಂತಿ ಹುಡುಕುತ್ತಿದ್ದಳು. ಪಂಖದ ಅಲಗು ಅವಳ ನೆತ್ತಿಯ ನೇರಕ್ಕೆ, ಒಂದು ಗೇಣು ಮೇಲೆ, ನಿಂತಿತ್ತು. ಕೂತಿದ್ದಕ್ಕೆ ಉಳಿದಿದ್ದಳು.

"ಏಳಬ್ಯಾಡ," ಎಂದೆ. "ಕುಂತಲ್ಲಿಂದ ನನ್ನ ಕಡೆ ಸರಿ."

ಸರಿದಳು. ಸೆರಗು ಎತ್ತಿದೆ. ಕಣ್ಣು ಮುಚ್ಚಿಕೊಂಡಿದ್ದಳು. "ಸಪ್ಪಳ ನಿಂತ ಕೂಡಲೇ ನಾ ಸತ್ತೆ ಅಂದ್ಕೊಂಡೆ," ಎಂದಳು. "ಸತ್ತರೂ ತಂತಿ ಸಿಗವಲ್ದಲ್ಲ ಅನಿಸ್ತು."

ಹಾರಿಸುವವ ಕೆಳಗೆ ಇಳಿದು ಬಂದ. ದೊಡ್ಡ ತಲೆ ತೆಗೆದಾಗ ಒಳಗೆ ಸಣ್ಣ ತಲೆ ಇತ್ತು, ಬೆವರಿಗೆ ಅಂಟಿದ ಕೂದಲು, ಒಡೆದ ತುಟಿ. ನಡುವಯಸ್ಸಿನವ. ಪಂಖ ನೋಡಿದ, ಅವಳನ್ನು ನೋಡಿದ, ನೆಲದ ಮೇಲೆ ಕುಳಿತುಬಿಟ್ಟ. ಅವಳು ಕೂಡಲೇ ಸೆರಗು ಎಳೆದುಕೊಂಡು ಬೆನ್ನು ತಿರುಗಿಸಿದಳು.

ಆ ಹೆಲಿಕಾಪ್ಟರು ಮತ್ತೆ ಚಾಲೂ ಆಗಲಿಲ್ಲ. ಉಳಿದೆರಡು ಅದನ್ನು ಬಿಟ್ಟು ಹೋದವು. ಹವಾಲ್ದಾರ ನನ್ನ ಮುಂದೆ ಬಂದು ನಿಂತ.

"ಆ ಸನ್ನಿ ಮಾಡಾಕ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ."

"ತಾಲೀಮು ಕೆಟ್ಟು ಕೆರ ಹಿಡೀತು. ಮ್ಯಾಲಿನವರಿಗೆ ನಾ ಏನ್ ಹೇಳ್ಲಿ?"

"ಹೆಣ ಆಗಿದ್ರ ಏನ್ ಹೇಳ್ತಿದ್ರಿ, ಅದರಕಿಂತ ಸಣ್ಣದ ಹೇಳ್ರಿ," ಎಂದಳು ಹುಲಗೂರಾಕಿ. ಅವನು ಮರಾಠಿಯಲ್ಲಿ ಏನೋ ಗೊಣಗುತ್ತ ಹೋದ.

ಬೆಳಗಾದಾಗ ಟ್ರಕ್ಕಿನಲ್ಲಿ ಹೊಸ ಬ್ಯಾಟರಿ ಬಂತು. ಹೆಲಿಕಾಪ್ಟರು ಬೂದಿ ಹೊದ್ದು ಬಯಲಿನ ನಡುವೆ ಕುಳಿತಿತ್ತು. ಅರ್ಧ ಬಿಟ್ಟ ಟಾಕಿಯನ್ನು ತುಂಬಬೇಕು. ನಾನು ಪೈಪು ಎತ್ತಿಕೊಂಡೆ. ಅಬಲೂರಾಕಿ ಪೀಪಾಯಿಯ ಹಿಂದಿನಿಂದ ಏಳಲಿಲ್ಲ.

"ನಾ ಬರಂಗಿಲ್ಲ. ವಿಮಾನದಾಂವಾ ಉಳದಾನ, ಅಷ್ಟ ಸಾಕು."

ಹವಾಲ್ದಾರ ಹಾರಿಸುವವನೊಡನೆ ಮಾತಾಡಿ ಬಂದ. "ಸಾಹೇಬ್ರು ಒಂದ ಮಾತು ಹೇಳ್ಯಾರ. ಮುಖಾ ಮುಚ್ಚಿಕೊಂಡವರು ತಮ್ಮ ವಿಮಾನದ ಹತ್ತಿರ ಬರಬಾರದಂತ. ಬರೋರ ಕಣ್ಣು ಅವರಿಗೆ ಕಾಣಬೇಕು. ಕಾಣದಿದ್ರ ಪಂಖ ತಿರುಗಸಂಗಿಲ್ಲ, ಹೋಗಂಗೂ ಇಲ್ಲ ಅಂತಾರ. ಸಿಪಾಯಿ ಆಗಲಿ, ನೀವಾಗಲಿ."

"ಮತ್ತ ಬ್ಯಾರೆಯವರನ್ನ ಕಳಸ್ರಿ," ಎಂದಳು ಅಬಲೂರಾಕಿ. 

"ಬ್ಯಾರೆಯವರು ಡೇರೆದಾಗ ಕಾರಾಕತ್ತಾರ. ತಂತಿ ಹಚ್ಚೋದು ನಿನಗ ಗೊತ್ತು. ಬರ್ತೀಯೋ, ಊರಿಗೆ ಹೋಗ್ತೀಯೋ?"

ಅವಳು ನನ್ನ ಮುಖ ನೋಡಿದಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ನಿನ್ನೆ ನಿನ್ನ ಮುಚ್ಚಿದ ಮುಖಾ ಎಷ್ಟು ಕೆಲಸ ಮಾಡೇತಿ ನೋಡಿದಿ," ಎಂದೆ. "ಇವತ್ತು ತಗದು ನೋಡು."

ಅವಳು ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ಎದ್ದು, ಸೆರಗನ್ನು ತಲೆಯಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿ, ತಂತಿ ಹಿಡಿದಳು. ಪಂಖ ತಿರುಗಿತು. ಬೆಳಗಿನ ಬಿಸಿಲಿನಲ್ಲಿ ಉಂಗುರವಿರಲಿಲ್ಲ, ದೂಳು ಮಾತ್ರ. ಅವಳು ಮುಂದಿನಿಂದ ಹೋದಳು. ಗಾಜಿನೊಳಗಿನವ ಕಣ್ಣಿನ ಕಪ್ಪು ಗಾಜನ್ನು ಮೇಲಕ್ಕೆ ಸರಿಸಿ ಅವಳನ್ನು ನೋಡಿದ, ತಲೆಯಾಡಿಸಿದ.  ತಂತಿ ಕಚ್ಚಿಸಿದಳು. ನಾನು ತುಂಬಿದೆ. ತಂತಿ ಬಿಡಿಸಿ ಅವನೆದುರಿಗೇ ಹೊರಗೆ ಬಂದಳು. ಹೆಲಿಕಾಪ್ಟರು ಎದ್ದು, ಮೂಗು ಬಗ್ಗಿಸಿ, ಪಡುವಣಕ್ಕೆ ಹೋಯಿತು. ಚುಕ್ಕೆಯಾಗಿ ಹೋದ ಮೇಲೂ ಅವಳು ಅತ್ತಲೇ ನೋಡುತ್ತಿದ್ದಳು.

ಆಮೇಲೆ ವೈರ್‌ಲೆಸ್ಸಿನ ಡೇರೆಯ ಬಾಗಿಲಲ್ಲಿ ಹೋಗಿ ಕುಳಿತಳು. ನಾವೂ ಕುಳಿತೆವು. ಡಬ್ಬಿಯೊಳಗಿನಿಂದ ಜೋಳ ಹುರಿಯುವಂಥ ಸಪ್ಪಳ ಬರುತ್ತಿತ್ತು, ಮಾತು ಬರಲಿಲ್ಲ. ಘಟ್ಟದ ಹತ್ತಿರ ಹೋದಾಗ ಹಾಗೆಯೇ ಎಂದು ವೈರ್‌ಲೆಸ್ಸಿನವ ಹಿಂದಿಯಲ್ಲಿ ಹೇಳಿದ. ಬಿಸಿಲು ಏರಿತು. ಮುಕಾದಮ ಬಂದು, "ಏನವ್ವಾ, ಮುಖಾ ತೋರಿಸಿ ಕಳಸಿದ್ಯಂತಲ್ಲ!" ಎಂದ. ಹುಲಗೂರಾಕಿ ಅವನಿಗೆ ಏನೂ ಅನ್ನಲಿಲ್ಲ. ಅದನ್ನು ಕಂಡು ನನಗೆ ಅಂಜಿಕೆಯಾಯಿತು. ನಾನು ಇವನ್ನೆಲ್ಲ ನಂಬುವವಳಲ್ಲ. ಆದರೂ ಆ ಹೊತ್ತು, ಎಲ್ಲಿಯೋ ಒಂದು ಗಾಜಿನ ಗುಳ್ಳೆ ಕಾಡಿನೊಳಗೆ ಒಡೆದು ಬಿದ್ದಿರುವುದು, ಅದರ ಮೇಲೆ ಬೂದಿ ಸುರಿಯುತ್ತಿರುವುದು ಕಣ್ಣಿಗೆ ಕಟ್ಟಿತು. ಅಬಲೂರಾಕಿ ರೊಟ್ಟಿ ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ.

ಹೊತ್ತು ನೆತ್ತಿಯ ಮೇಲೆ ಬಂದಾಗ ಡಬ್ಬಿಯಲ್ಲಿ ಒಂದು ದನಿ ಕೆಮ್ಮಿತು. ವೈರ್‌ಲೆಸ್ಸಿನವ ಗುಂಡಿ ಒತ್ತಿ ಏನೋ ಹೇಳಿದ, ಕೇಳಿದ, ಕಿವಿಯ ಚಿಪ್ಪು ತೆಗೆದ.

"ಪಹುಂಚ್ ಗಯಾ."

"ಮುಟ್ಯಾನಂತ," ಎಂದಳು ಹುಲಗೂರಾಕಿ.

"ಕೆಳಗ ಇಳದಾನೇನು?" ಎಂದು ಕೇಳಿದಳು ಅಬಲೂರಾಕಿ.

"ಇಳೀದ ಹ್ಯಾಂಗ ಮುಟ್ತಾನಬೇ? ಇಳದಾನ."

"ಕಾಲ ಮ್ಯಾಲ ನಿಂತಾನೇನು ಕೇಳಂತ ಹೇಳು."

ಹುಲಗೂರಾಕಿ ಕೇಳಿದಳು. ವೈರ್‌ಲೆಸ್ಸಿನವ ನಗುತ್ತ ಚಿಪ್ಪನ್ನು ಮತ್ತೆ ಕಿವಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತ, ನಿಂತಿದ್ದಾನೆ, ಚಹಾ ಕುಡಿಯುತ್ತಿದ್ದಾನೆ ಎಂದ. ಅವನು ಮಾತಾಡುವ ಗುಂಡಿ ಒತ್ತಿದ್ದನ್ನು ನಾನು ನೋಡಲಿಲ್ಲ. ಅಬಲೂರಾಕಿಗೆ ಹೇಳಲೂ ಇಲ್ಲ. ಅವಳು ಎದ್ದು ನಿಂತಿದ್ದಳು. ಸೆರಗು ಸೊಂಟದಲ್ಲೇ ಇತ್ತು. ಮುಕಾದಮ ನಿಂತಿದ್ದ ಕಡೆಯಿಂದಲೇ, ಅವನೆದುರಿಗೇ ಹಾದು, ಸಂಜೆಗೆ ಬರುವ ಹೆಲಿಕಾಪ್ಟರಿಗೆ ಪೀಪಾಯಿ ನೋಡಲು ಹೋದಳು.